ಮೊಟ್ಟೆ ಇಲ್ಲದ ದಿನ

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಹೆಚ್ಚುಕಡಿಮೆ ಒಂದೂವರೆ ಗಂಟೆ. ಜೂನ್ ಕೊನೆಯ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರ್ ಕೊನೆಯದು ಹನ್ನೊಂದೂಕಾಲು ಗಂಟೆಗೆ ತುಸು ಹೆಚ್ಚು. ದೀಪ ಹಾಕಿಕೊಂಡು ಬದುಕುವ ನಮಗೆ ಇದು ಗೊತ್ತೇ ಆಗುವುದಿಲ್ಲ. ಅವರೆ ಗಿಡಕ್ಕೆ ಗೊತ್ತಾಗುತ್ತದೆ, ಕೋಳಿಗೂ ಗೊತ್ತಾಗುತ್ತದೆ. ಹಗಲು ಕುಗ್ಗಿದ ಮೇಲೇ ಹಳೆಯ ನಾಟಿ ಅವರೆ ಹೂ ಬಿಡುವುದು. ಅದೇ ಹಗಲು ಕುಗ್ಗಿದಾಗ ಕೋಳಿಯ ಮೊಟ್ಟೆ ಇಳಿಮುಖವಾಗುತ್ತದೆ, ಗರಿ ಉದುರುತ್ತದೆ. ನಮ್ಮದು ಭೂಮಧ್ಯರೇಖೆಗೆ ಹತ್ತಿರದ ಸೀಮೆಯಾದ್ದರಿಂದ ಚಳಿದೇಶದ ಕೋಳಿಗಳಂತೆ ಪೂರ್ತಿ ನಿಲ್ಲುವುದಿಲ್ಲ; ಆದರೂ ಸಾಕಿದವರಿಗೆ ವ್ಯತ್ಯಾಸ ಕಾಣುತ್ತದೆ. ಹಿತ್ತಲಲ್ಲಿ ಮೊಟ್ಟೆ ಕಡಿಮೆಯಾಗುವ ಹೊತ್ತಿಗೆ ಹೊಲದ ಅವರೆಯಲ್ಲಿ ಸೊಗಡು ಏರುತ್ತಿತ್ತು. ಒಂದು ಮುಗಿಯುವಾಗ ಇನ್ನೊಂದು ಶುರುವಾಗುತ್ತಿತ್ತು. ಹಳೆಯ ಅಡುಗೆಮನೆ ನಡೆದದ್ದು ಈ ಒಂದೂವರೆ ಗಂಟೆಯ ಮಾತು ಕೇಳಿಕೊಂಡು.

ನಾವು ಆ ಒಂದೂವರೆ ಗಂಟೆಯನ್ನು ಎರಡು ರೀತಿಯಲ್ಲಿ ಗೆದ್ದೆವು. ಕೋಳಿ ಫಾರಂಗಳಲ್ಲಿ ಬಲ್ಬು ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟೆವು. ಕೋಳಿಯ ಪಾಲಿಗೆ ವರ್ಷವಿಡೀ ಉದ್ದ ಹಗಲು. ಅವರೆಯ ವಿಷಯದಲ್ಲಿ ಗಿಡವನ್ನೇ ಬದಲಿಸಿದೆವು. ನಮ್ಮ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಬೇಸಿಗೆಯಲ್ಲೂ ಅವರೆ ಮಾರಿದ ರೈತನಿಗೆ ಒಂದಿಷ್ಟು ಕಾಸು ಕಂಡಿತು. ಸರ್ಕಾರಿ ಶಾಲೆಯ ಮಕ್ಕಳ ತಟ್ಟೆಗೆ ಬೀಳುವ ಮೊಟ್ಟೆ ಆ ಬಲ್ಬಿನ ಕೆಳಗೆ ಬದುಕುವ ಕೋಳಿಯದೇ. ಹಸಿದ ಮಗುವಿನ ಮುಂದೆ ನಿಂತು ಬಲ್ಬು ಆರಿಸಿ ಎನ್ನುವ ಮನಸ್ಸು ನನಗಿಲ್ಲ. ಆದರೆ ಆ ಬೆಳಕಿನಲ್ಲಿ ಒಂದು ತಿಳಿವಳಿಕೆ ನಮ್ಮಿಂದ ಜಾರಿಹೋಯಿತು. ಆಹಾರಕ್ಕೆ ಕೊನೆಯಿದೆ ಎನ್ನುವ ತಿಳಿವಳಿಕೆ ಅದು. ಇವತ್ತಿದೆ, ಮುಂದಿನ ವಾರ ಇರುವುದಿಲ್ಲ ಎನ್ನುವುದು ಈಗ ಊಟದ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಯಲಹಂಕ, ಅಟ್ಟೂರು, ಜಕ್ಕೂರು, ಕೊಡಿಗೇಹಳ್ಳಿ ಕಡೆ ಈಗ ಮತ್ತೆ ಕೋಳಿಯ ಕೂಗು ಕೇಳುತ್ತದೆ. ಖಾಲಿ ಸೈಟಿನ ಮೂಲೆಯಲ್ಲಿ, ಮನೆಯ ಪಕ್ಕದ ಸಂದಿಯಲ್ಲಿ, ಕೆಲವೆಡೆ ಟೆರೇಸಿನ ಮೇಲೆ ಗೂಡುಗಳೆದ್ದಿವೆ. ನಮ್ಮ ಹಿತ್ತಲಲ್ಲೂ ಇವೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಹಳೇ ಕಾಲದ ಊಟ ಬೇಕು, ಔಷಧಿ ಹೊಡೆಯದ ಮೊಟ್ಟೆ ಬೇಕು, ಅಜ್ಜಿ ಕೈಯ ಸಾರಿನ ರುಚಿ ಬೇಕು. ಈ ಆಸೆ ಒಳ್ಳೆಯದೇ. ಆದರೆ ನಾವು ಹಿಂದಿರುಗಿ ಹೋಗಬೇಕೆಂದಿರುವ ಆ ಹಳೆಯದು ಎಲ್ಲಿದೆ?

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಮರಿ ತಂದು ಸಾಕುವವರು ಬಹಳ ಜನ. ನಾಟಿ ಎಂದು ಪ್ರೀತಿಯಿಂದ ಕರೆಯುವ ಆ ಬಣ್ಣಬಣ್ಣದ ಗಿರಿರಾಜ 1989ರ ತಳಿ, ಅದೇ ಹೆಬ್ಬಾಳದ ಕುಕ್ಕುಟ ವಿಜ್ಞಾನಿಗಳು ರೂಪಿಸಿದ್ದು. ಅಲ್ಲಿಯದೇ ಸ್ವರ್ಣಧಾರ ತಳಿ ಇನ್ನೂ ಈಚಿನದು, 2005ರದು. ಅಪ್ಪಟ ನಾಟಿ ಹ್ಯಾಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಗಿರಿರಾಜ 130-150 ಇಡುತ್ತದೆ, ಫಾರಂ ಲೇಯರ್ 300 ದಾಟುತ್ತದೆ. ಮುದ್ದೆಗೆ ಬರೋಣ. ನಮ್ಮ ಅಜ್ಜಿಯರು ಉಂಡ ರಾಗಿ ಎಂದು ನಾವು ನಂಬಿರುವುದರಲ್ಲಿ ಬಹುಪಾಲು ಇಂಡಾಫ್ ತಳಿಗಳ ವಂಶದ್ದು; ರಾಗಿ ಬ್ರಹ್ಮ ಎಂದು ಹೆಸರಾದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಬೆಳೆಸಿದ ಮಕ್ಕಳು ಅವು. ರಾಗಿ ಎಂಬ ಬೆಳೆಯ ಮೂಲವೂ ಆಫ್ರಿಕವೇ, ಸಾವಿರಾರು ವರ್ಷ ಹಿಂದೆ ಅಲ್ಲಿಂದ ಬಂದದ್ದು.

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಕಿತ್ತಯ್ಯ ಎಂಬವನ ಸಾವನ್ನು ಕನ್ನಡದಲ್ಲಿ ಹೇಳುವ ಕಲ್ಲು. ಆ ಕಿತ್ತಯ್ಯನ ಮನೆಯಲ್ಲಿ ಕೋಳಿ ಸಾರು ಮಾಡಿದ್ದರೆ ಅದಕ್ಕೆ ಒಣಮೆಣಸಿನಕಾಯಿ ಬಿದ್ದಿರಲಾರದು, ಟೊಮೇಟೊ ಬಿದ್ದಿರಲಾರದು. ಎರಡೂ ಪೋರ್ಚುಗೀಸರ ಹಡಗು ಬಂದ ಮೇಲೆ ಬಂದವು, ಅಂದರೆ ಕಿತ್ತಯ್ಯ ಸತ್ತು ಏಳೂವರೆ ಶತಮಾನ ಕಳೆದ ಮೇಲೆ. ನಾವು ಸನಾತನವೆಂದು ಬಾಯಿ ಚಪ್ಪರಿಸುವ ನಾಟಿ ಕೋಳಿ ಸಾರಿನ ಆ ಕೆಂಪು, ಊರಿನ ಆಯುಷ್ಯದಲ್ಲಿ ಮೊನ್ನೆಯದು. ಹೆಸರು ಕಲ್ಲಿನಲ್ಲಿ ಉಳಿಯಿತು, ಅವನು ಉಂಡದ್ದು ಏನೆಂಬುದು ಉಳಿಯಲಿಲ್ಲ.

ಹಾಗಾದರೆ ಹಳೆಯದಕ್ಕೆ ಮರಳುವುದೆಂದರೆ ಪದಾರ್ಥಕ್ಕೆ ಮರಳುವುದಲ್ಲ. ಪದಾರ್ಥ ಎಂದೂ ಒಂದೆಡೆ ನಿಂತಿರಲಿಲ್ಲ. ಮರಳಬಹುದಾದದ್ದು ಒಂದಿದ್ದರೆ ಅದು ಆಹಾರದೊಂದಿಗಿನ ಒಂದು ನಡವಳಿಕೆ. ಅದನ್ನು ನಾನು ಕಲಿತದ್ದು ಕಾವಿಗೆ ಕೂತ ಹ್ಯಾಟೆಯಿಂದ.

ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಒಂದು ದಿನ ಗೂಡು ಬಿಟ್ಟು ಏಳುವುದಿಲ್ಲ. ಎದೆಯ ಗರಿ ಕಿತ್ತುಕೊಂಡು ಬರಿಮೈಯನ್ನು ಮೊಟ್ಟೆಗೆ ತಾಗಿಸುತ್ತದೆ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು ನೀರು ಕುಡಿದು ಓಡಿಬರುತ್ತದೆ. ಜುಟ್ಟು ಬಿಳಿಚಿಕೊಳ್ಳುತ್ತದೆ, ಮೈ ಇಳಿಯುತ್ತದೆ. 21 ದಿನ ಹೀಗೇ. ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುವುದು, ಕೂರುವುದು. ಮರಿಯೊಡೆದ ಮೇಲೂ ತಿಂಗಳುಗಟ್ಟಲೆ ಮೊಟ್ಟೆ ಇಲ್ಲ. ನಾಟಿ ಕೋಳಿ ವರ್ಷಕ್ಕೆ 60ಕ್ಕೆ ನಿಲ್ಲುವುದಕ್ಕೆ ಮುಖ್ಯ ಕಾರಣ ಇದೇ. ಲೆಕ್ಕ ನೋಡುವವನಿಗೆ ಇದು ನಷ್ಟ. ಅದಕ್ಕೇ ತಳಿಗಾರರು ಪೀಳಿಗೆಯಿಂದ ಪೀಳಿಗೆಗೆ ಕಾವಿಗೆ ಕೂರದ ಕೋಳಿಗಳನ್ನೇ ಆರಿಸುತ್ತ ಹೋದರು. ಇಂದಿನ ಬಿಳಿ ಲೇಯರ್ ಕೋಳಿಗೆ ಕಾವು ಮರೆತುಹೋಗಿದೆ. ಅದರ ಮರಿ ಯಂತ್ರದಲ್ಲಿ ಒಡೆಯುತ್ತದೆ; ಗಂಡಾಗಿದ್ದರೆ ಮೊಟ್ಟೆ ಇಡದ್ದರಿಂದ ಆ ದಿನವೇ ಅದರ ಕೊನೆ. 300 ಮೊಟ್ಟೆ ಇಡುವ ಕೋಳಿಗೆ ತಾಯಿಯಾಗಲು ಬಾರದು.

ಮನೆಯಲ್ಲಿ ಸಾಕುವವರಲ್ಲೂ ಕಾವು ಬಿಡಿಸಲು ಕೋಳಿಯನ್ನು ನೀರಿಗೆ ಅದ್ದುವವರಿದ್ದಾರೆ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಅದು ಸೇರದು. ಯಲಹಂಕ ಹಳೇ ಊರಿನ ಒಕ್ಕಲುಮನೆಯವರು. ಅವರ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟ್ ಇದೆ. “ಕೂತಿರೋ ಕೋಳೀನ ಎಬ್ಬಿಸಬಾರದು ಕಣಪ್ಪಾ, ಅದರ ಕೆಲಸ ಅದು ಮಾಡ್ಕೊಳ್ಳಲಿ. ಒಂದು ತಿಂಗಳು ಮೊಟ್ಟೆ ತಿನ್ನದೆ ಇದ್ರೆ ಏನಾಗ್ತೀಯ?” ಎಂದರು. ಕಾವಿಗೆ ಬೆಸ ಸಂಖ್ಯೆಯಲ್ಲೇ ಮೊಟ್ಟೆ ಇಡಬೇಕೆನ್ನುವುದು ಅವರ ನೇಮ. ನಮ್ಮ ಹಿತ್ತಲಿನ ಮರಿಗಳಲ್ಲಿ ಒಂದನ್ನು ಹದ್ದು ಎತ್ತಿತು, ಇನ್ನೊಂದನ್ನು ಬೆಕ್ಕು ಹೊತ್ತೊಯ್ದಿತು, ಒಂದು ಮಳೆಗೆ ನೆನೆದು ಸತ್ತಿತು. ನಾನು ಬೇಸರದಿಂದ ಹೇಳಿದಾಗ ಅವರು ಮಂಕರಿ ಕವುಚುತ್ತ ಅಂದದ್ದು ಇಷ್ಟು: “ಇಟ್ಟಿದ್ದೆಲ್ಲಾ ಉಳಿಯೋ ಹಾಗಿದ್ದಿದ್ರೆ ಭೂಮಿ ಮೇಲೆ ನಮಗೆ ನಿಲ್ಲೋಕೆ ಜಾಗ ಇರ್ತಿತ್ತೇನಪ್ಪಾ?”

ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ, ಅಂದರೆ ಚಿಂತನೆಗಳಲ್ಲಿ, ಮೊದಲನೆಯದು ಅನಿತ್ಯ. ಅದನ್ನು ಕುಳಿತು ಮತ್ತೆ ಮತ್ತೆ ನೆನೆಯಬೇಕು, ಒಮ್ಮೆ ಒಪ್ಪಿಕೊಂಡರೆ ಸಾಲದು ಎಂದು ಶಾಸ್ತ್ರ ಹೇಳುತ್ತದೆ. ಅಜ್ಜಿ ಶಾಸ್ತ್ರ ಓದಿದವರಲ್ಲ. ಪ್ರತಿ ಸಂಜೆ ಮಂಕರಿ ಕವುಚುವ ಮೊದಲು ಮರಿ ಎಣಿಸುವುದೇ ಅವರಿಗೆ ಆ ನೆನೆಯುವಿಕೆ.

ಕನ್ನಡದಲ್ಲಿ ಕೋಳಿಯನ್ನೂ ಸಾವನ್ನೂ ಒಟ್ಟಿಗೆ ಇಟ್ಟು ಯೋಚಿಸಿದ ದೊಡ್ಡ ಕವಿ ಜನ್ನ. ಯಶೋಧರ ಚರಿತೆ 1209ರದು. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿ ಕೊಟ್ಟದ್ದು ಹಿಟ್ಟಿನ ಹುಂಜವನ್ನು. ಆದರೂ ಕೊಲ್ಲುವ ಸಂಕಲ್ಪವಿತ್ತಲ್ಲ, ಅಷ್ಟಕ್ಕೆ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸತ್ತರು. ಕಡೆಗೆ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಬಿದ್ದರು, ಆಮೇಲಷ್ಟೇ ಮನುಷ್ಯ ಜನ್ಮ. ನಮ್ಮ ಕಾಲದ ಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ಕೋಳಿ ಇರಲಿಲ್ಲ, ಸಂಕಲ್ಪವಿತ್ತು. ಇಲ್ಲಿ ಕೋಳಿ ಇದೆ, ಸಂಕಲ್ಪವೇ ಇಲ್ಲ. ಆರು ವಾರ ಬದುಕಿದ ಬ್ರಾಯ್ಲರ್ ತುಂಡಾಗಿ, ಪ್ಲಾಸ್ಟಿಕ್ ಸುತ್ತಿಕೊಂಡು, ಬಾಗಿಲಿಗೆ ಬರುತ್ತದೆ. ಯಾರೂ ಕೊಲ್ಲಲು ಮನಸ್ಸು ಮಾಡಲಿಲ್ಲ, ಯಾರ ಕೈಯೂ ನಡುಗಲಿಲ್ಲ. ಜನ್ನನ ಲೆಕ್ಕದಲ್ಲಿ ಇದಕ್ಕೆ ಪಾಪವುಂಟೋ ಇಲ್ಲವೋ, ನನ್ನ ಲೆಕ್ಕದಲ್ಲಿ ಇದು ಹೆಚ್ಚಿನ ಕೇಡು. ಹಿತ್ತಲ ಕೋಳಿಯನ್ನು ಕುಯ್ಯುವವನು ಅದರ ಮರಿತನ ನೋಡಿರುತ್ತಾನೆ. ಹಬ್ಬ ಬರಲಿ, ನೆಂಟರು ಬರಲಿ ಎಂದು ಕಾಯುತ್ತಾನೆ, ಕುಯ್ಯುವ ಬೆಳಿಗ್ಗೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಕೆಲವರು ಸಾಕುತ್ತ ಸಾಕುತ್ತ ತಿನ್ನುವುದನ್ನೇ ಬಿಟ್ಟಿದ್ದಾರೆ. ಎರಡೂ ಬಗೆಯ ಮನೆಗಳಲ್ಲಿ ಸಾವಿಗೆ ಒಂದು ಜಾಗವಿದೆ.

ಆ ಜಾಗ ಇಲ್ಲದ ನಗರದಲ್ಲಿ ಸಾವು ಬೇರೆ ದಾರಿಯಿಂದ ಕಾಣಿಸಿಕೊಳ್ಳುತ್ತದೆ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವಾಗ ಸುತ್ತಲ ಮಾಂಸದಂಗಡಿಗಳನ್ನು ಮುಚ್ಚಿಸುತ್ತಾರೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ, ಕೋಳಿ, ಮೀನು ಮಾರುವಂತಿರಲಿಲ್ಲ. ಎಸೆದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. ಇಷ್ಟು ದೊಡ್ಡ ಊರಿನ ಕೋಳಿಗಳ ಸಾವು ಲೆಕ್ಕಕ್ಕೆ ಬರುವುದು ವಿಮಾನ ಹಾರುವಾಗ ಮಾತ್ರ.

ಹಾಗೆಂದು ಹಿತ್ತಲಿನ ಬದುಕು ಸುರಕ್ಷಿತ ಎಂದುಕೊಳ್ಳಬಾರದು. ಹಳೆಯ ಕಾಲದಲ್ಲಿ ಕೋಳಿಗೆ ರೋಗವೇ ಇರಲಿಲ್ಲ ಎನ್ನುವವರು ಕೊಕ್ಕರೆ ರೋಗ ಹೊಕ್ಕ ಊರನ್ನು ನೋಡಿಲ್ಲ. ನಮ್ಮ ದೇಶಕ್ಕೆ 1920ರ ದಶಕದಲ್ಲಿ ಬಂದ, ರಾಣಿಖೇತ್ ಎಂದೂ ಕರೆಸಿಕೊಳ್ಳುವ ಈ ಜಾಡ್ಯ ವಾರದೊಳಗೆ ಊರಿನ ಗೂಡುಗಳನ್ನೆಲ್ಲ ಖಾಲಿ ಮಾಡುತ್ತಿತ್ತು. ಅದನ್ನು ತಡೆದದ್ದು ಲಸಿಕೆ. 1925ರಲ್ಲಿ ಸೀರಂ ಸಂಸ್ಥೆಯಾಗಿ ಶುರುವಾದ ಹೆಬ್ಬಾಳದ ಪಶು ಜೈವಿಕ ಸಂಸ್ಥೆ ಅಂಥ ಲಸಿಕೆಗಳನ್ನು ತಯಾರಿಸುತ್ತ ಬಂದಿದೆ. ಅನಿತ್ಯವನ್ನು ಒಪ್ಪಿಕೊಳ್ಳುವುದೆಂದರೆ ಲಸಿಕೆ ಹಾಕದೆ ಕೈಕಟ್ಟಿ ಕೂರುವುದಲ್ಲ. ಅಜ್ಜಿಯೂ ಮಂಕರಿ ಕವುಚುತ್ತಾರೆ.

2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡಿತು. ಟರ್ಕಿ ಕೋಳಿಗಳು ಸತ್ತವು, ಉಳಿದ ಸಾವಿರಾರು ಪಕ್ಷಿಗಳನ್ನು ಕೊಂದು ಹೂತರು. ಜಾಗ್ರತೆ, ಶಿಸ್ತು, ವಿಜ್ಞಾನ ಎಲ್ಲವೂ ಇದ್ದ ಜಾಗ ಅದು. 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಅದೇ ಜ್ವರ ಬಂದಾಗ ಸತ್ತದ್ದು ಮನೆಗಳಲ್ಲಿ ಸಾಕಿದ ನಾಟಿ ಕೋಳಿಗಳು. ಸುತ್ತಲ ಮನೆಗಳ ಆರೋಗ್ಯವಂತ ಕೋಳಿಗಳನ್ನೂ ಕೊಲ್ಲಬೇಕಾಯಿತು. ಜ್ವರ ಎರಡಕ್ಕೂ ಒಂದೇ. ಹಿತ್ತಲಲ್ಲಿ ಹೋದ ಪ್ರತಿ ಕೋಳಿಗೂ ಅದರ ಬಣ್ಣ ಬಲ್ಲವರು, ಅದು ಯಾವ ಹ್ಯಾಟೆಯ ಮರಿ ಎಂದು ಬಲ್ಲವರು ಇದ್ದರು. ಹಾಗೆ ಬಲ್ಲವರು ಅನುಭವಿಸುವ ನೋವು ದೊಡ್ಡದು. ಆ ನೋವು ಬೇಡವೆಂದೇ ನಾವು ಆಹಾರವನ್ನು ಕಣ್ಣಿನಿಂದ ದೂರ ಕಳಿಸಿದೆವೆಂದು ನನಗೆ ಅನ್ನಿಸುತ್ತದೆ. ದೂರ ಕಳಿಸಿದ ಮೇಲೆ ನೋವು ತಪ್ಪಿತು, ಕೋಳಿಯ ಕಷ್ಟ ನೂರು ಪಟ್ಟಾಯಿತು.

ಆದ್ದರಿಂದ ಕೋಳಿ ಸಾಕಲು ಹೊರಟವರಿಗೆ ನನ್ನದೊಂದು ವಿನಂತಿ. ಏಳನೆಯ ದಿನದ ಕೊಕ್ಕರೆ ರೋಗದ ಹನಿ ತಪ್ಪಿಸಬೇಡಿ, ರಾತ್ರಿ ಗೂಡಿನ ಬಾಗಿಲು ಭದ್ರಮಾಡಿ. ಮೊಟ್ಟೆ ಹೆಚ್ಚಲೆಂದು ಗೂಡಿಗೆ ಬಲ್ಬು ಹಾಕಬೇಡಿ. ಗರಿ ಉದುರಿಸುವ ಕೋಳಿಯನ್ನು ದಂಡವೆಂದು ಮಾರಬೇಡಿ, ಕೂತ ಹ್ಯಾಟೆಯನ್ನು ನೀರಿಗೆ ಅದ್ದಬೇಡಿ. ಮಕ್ಕಳಿಗೆ ಮರಿ ತೋರಿಸಿದ ಹಾಗೆಯೇ ಸತ್ತ ಕೋಳಿಯನ್ನೂ ತೋರಿಸಿ, ಗುಂಡಿ ತೋಡುವಾಗ ಜೊತೆಗೆ ಕರೆದುಕೊಳ್ಳಿ. ಮೊಟ್ಟೆ ಇಲ್ಲದ ವಾರ ಅಂಗಡಿಗೆ ಓಡದೆ ಒಂದು ಹುರುಳಿ ಸಾರು ಮಾಡಿ, ಬೆರಕೆ ಸೊಪ್ಪಿನ ಬಸ್ಸಾರು ಮಾಡಿ. ಮೊಟ್ಟೆ ಯಾಕಿಲ್ಲ ಎಂದು ಮಗು ಕೇಳಿದರೆ, ಕೋಳಿ ಕಾವಿಗೆ ಕೂತಿದೆ ಎಂದು ಹೇಳಿ.