ಶಕುನಿ ಯಾರ ಕಡೆಯವನು?

ನಮ್ಮ ಬಂಡಳ್ಳಿಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದಾಗಲೆಲ್ಲ ಶಕುನಿಯ ಪಾರ್ಟು ನನ್ನ ಸೋದರಮಾವನದು. ರಂಗಕ್ಕೆ ಬಂದವನೇ ದಾಳಗಳನ್ನು ಕಣ್ಣಿಗೊತ್ತಿಕೊಂಡು ‘ಅಪ್ಪಾ’ ಎನ್ನುತ್ತಿದ್ದ. ಜನ ಉಸಿರು ಬಿಗಿಹಿಡಿಯುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತು: ಗಾಂಧಾರದವರನ್ನು ಹಸ್ತಿನಾವತಿಯಲ್ಲಿ ಸೆರೆಯಿಟ್ಟು ಆಳಿಗೊಂದು ಅಗುಳು ಅನ್ನ ಕೊಟ್ಟರು, ಉಳಿದವರು ತಮ್ಮ ಅಗುಳನ್ನೂ ಕೊಟ್ಟು ಶಕುನಿಯೊಬ್ಬನನ್ನು ಬದುಕಿಸಿದರು, ಆ ದಾಳಗಳು ಅವನಪ್ಪ ಸುಬಲನ ಮೂಳೆಯವು. ದುರ್ಯೋಧನನ ಬಲಗೈಯಾಗಿದ್ದವನು ಒಳಗೊಳಗೆ ಅವನ ವಂಶಕ್ಕೇ ಶತ್ರು.

ವ್ಯಾಸಭಾರತ ಇದಕ್ಕೆ ಒಪ್ಪುವುದಿಲ್ಲ. ಅಲ್ಲಿ ಸುಬಲ ಮಕ್ಕಳೊಂದಿಗೆ ಧರ್ಮರಾಯನ ರಾಜಸೂಯಕ್ಕೆ ಬಂದಿದ್ದಾನೆ. ಜೂಜು ನಡೆಯುವುದು ಅದಾದ ಮೇಲೆ. ಶಕುನಿಯ ಸೋದರರಲ್ಲಿ ಐವರು ಕೌರವರ ಪರ ಹೋರಾಡಿ ಅರ್ಜುನನ ಮಗ ಇರಾವಂತನಿಂದ ಸಾಯುತ್ತಾರೆ. 18ನೆಯ ದಿನ ಸಹದೇವ ಮೊದಲು ಶಕುನಿಯ ಮಗ ಉಲೂಕನನ್ನು ಕೊಲ್ಲುತ್ತಾನೆ, ಆಮೇಲೆ ಅವನನ್ನು. ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು ವನಪರ್ವದ ಒಂದು ಸಂದರ್ಭ. ಗಂಧರ್ವರ ಸೆರೆಯಿಂದ ಪಾಂಡವರೇ ಬಿಡಿಸಿದ ಅವಮಾನಕ್ಕೆ ದುರ್ಯೋಧನ ಉಪವಾಸ ಬಿದ್ದು ಸಾಯಲು ಕೂತಾಗ, ಅವರ ರಾಜ್ಯ ಅವರಿಗೆ ಕೊಟ್ಟು ಸುಖವಾಗಿರು ಎಂದು ಬುದ್ಧಿ ಹೇಳುವವನು ಇದೇ ಶಕುನಿ. ಯುದ್ಧ ಬೇಕಾಗಿದ್ದವನು ಆಡುವ ಮಾತೇ? ಅದೂ ನಾಟಕ ಎನ್ನುವವರಿದ್ದಾರೆ. ಏನು ತೋರಿಸಿದರೂ ನುಂಗಿಕೊಳ್ಳುವುದು ಇಂಥ ಊಹೆಗಳ ಗುಣ. ಹ್ಯಾರಿ ಪಾಟರ್‌ನ ಸ್ನೇಪ್ ಯಾರ ಕಡೆ ಎಂಬ ಜಗಳವನ್ನು 2007ರಲ್ಲಿ ಬಂದ ಕೊನೆಯ ಪುಸ್ತಕ ಮುಗಿಸಿತು. ಶಕುನಿಗೆ ಅಂಥ ಪುಸ್ತಕ ಬರುವುದಿಲ್ಲ.

ಸೇಡಿನ ಕಥೆಯೇ ನಿಜ ಎಂದುಕೊಳ್ಳೋಣ. ದ್ರೌಪದಿಯನ್ನು ಪಣಕ್ಕಿಡು ಎಂದವನು ಶಕುನಿ. ಗಾಂಧಾರದ ಸೆರೆಗೂ ಪಾಂಚಾಲದ ಮಗಳಿಗೂ ಏನು ಸಂಬಂಧ? ಅವನಪ್ಪನ ಮೂಳೆಗೆ ನಾವು ಮರುಗುತ್ತಿರುವಾಗ ಅವಳ ಸೀರೆ ಅವನ ಹೂಟದಲ್ಲಿ ಒಂದು ಕಾಯಿಯಾಗಿಬಿಡುತ್ತದೆ. ಧೃತರಾಷ್ಟ್ರನೂ ದುರ್ಯೋಧನನೂ ಪಾರಾಗುತ್ತಾರೆ.

ಹೀಗೆ ಬರೆಯುವ ನಾನೂ ಒಂದು ಊಹೆ ಸಾಕಿಕೊಂಡಿದ್ದೆ. ಮಾವನ ಮಾತು ಕೇಳಿ ಅಪ್ಪ ಸಾಲ ಮಾಡಿ ಮೂರು ಬೋರು ಕೊರೆಸಿದ. ಮೂರರಲ್ಲೂ ಧೂಳು. ಹೊಲ ಹೋಯಿತು. ತವರಿನಲ್ಲಿ ಅಮ್ಮ ಪಾಲು ಕೇಳಿದ್ದಕ್ಕೆ ಅವನು ಬೇಕೆಂದೇ ಮಾಡಿದ ಎಂದು ನೆಂಟರು ಹೇಳಿದರು; ಹತ್ತು ವರ್ಷ ನಾನೂ ನಂಬಿದೆ. ನಂಬಿದರೆ ಸಿಟ್ಟಿಗೊಂದು ದಿಕ್ಕಿರುತ್ತಿತ್ತು. ಮೂರನೆಯ ಬೋರಿಗೆ ಅತ್ತೆಯ ಸರ ಅಡವಿಟ್ಟು ದುಡ್ಡು ತಂದವನು ಅವನೇ ಎಂಬುದು ಆಗಲೂ ನನಗೆ ಗೊತ್ತಿತ್ತು.

ಪಿಎಚ್‌ಡಿ ಸೇರಿದ ಹೊಸತರಲ್ಲಿ, ವನಪರ್ವದ ಆ ಮಾತನ್ನು ಮಾವನಿಗೆ ಓದಿ ಹೇಳಿದೆ. ಬೀಡಿ ಆರಿಸಿ ಕೇಳಿಸಿಕೊಂಡ.

“ಅಂಗಾರ, ಅಳೀನ ಮ್ಯಾಲ ಪ್ರೀತಿ ಇದ್ದೇ ಹಾಳು ಮಾಡ್ದ ಅಂತೀಯ?”

ಇರಬಹುದು ಎಂದೆ.

“ಅದ ಎಂಗ್ ಆಡದು ಮಗ? ಸೇಡು ಅಂದ್ರ ಜನಕ್ಕ ಗೊತ್ತಾಯ್ತದ.”

ಆ ವರ್ಷದ ನಾಟಕದಲ್ಲೂ ಅವನು ದಾಳಗಳನ್ನು ಕಣ್ಣಿಗೊತ್ತಿಕೊಂಡು ‘ಅಪ್ಪಾ’ ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ನೋಡಲಿಲ್ಲ.