ಬಿರಡೆ ತೆರೆಯದ ಸೀಸೆ

1762ರ ಒಂದು ಸೀಸೆ ಕೊನ್ಯಾಕ್ ಬ್ರಾಂದಿ 2020ರಲ್ಲಿ ಸಾದಬೀಸ್ ಹರಾಜಿನಲ್ಲಿ 1,18,580 ಪೌಂಡಿಗೆ ಮಾರಾಟವಾಯಿತು. ಕುಡಿತದ ಸರಿತಪ್ಪುಗಳ ಪ್ರಶ್ನೆ ಇಲ್ಲಿ ಏಳುವುದೇ ಅಪರೂಪ. ಬಿರಡೆ ತೆರೆದೊಡನೆ ಬೆಲೆ ಹೋಗುವುದರಿಂದ ಇಂಥದನ್ನು ಕೊಂಡವರು ಬಹುಮಟ್ಟಿಗೆ ಕುಡಿಯುವುದಿಲ್ಲ. ಹಾಗಾದರೆ ಅವರು ಕೊಂಡದ್ದಾದರೂ ಏನನ್ನು?

ಫ್ರಾನ್ಸಿನ ಕೊನ್ಯಾಕ್ ಸೀಮೆಯಲ್ಲಿ ದ್ರಾಕ್ಷಾರಸವನ್ನು ಎರಡು ಬಾರಿ ಭಟ್ಟಿ ಇಳಿಸಿ ಓಕ್ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಾರೆ. ವರ್ಷಕ್ಕೆ ಸುಮಾರು ನೂರಕ್ಕೆ ಎರಡು ಪಾಲು ಮರದ ಮೂಲಕ ಆವಿಯಾಗಿ ಹೋಗುತ್ತದೆ. ಅಲ್ಲಿನವರು ಅದನ್ನು 'ದೇವದೂತರ ಪಾಲು' ಎನ್ನುತ್ತಾರೆ. ಹೀಗೆ ಕಳೆದುಕೊಳ್ಳುತ್ತಲೇ ಬ್ರಾಂದಿ ಮಾಗುತ್ತದೆ; ಗಾಜಿನ ಸೀಸೆಗೆ ತುಂಬಿದ ದಿನ ಮಾಗುವುದೂ ನಿಲ್ಲುತ್ತದೆ. ಉತ್ತಮವಾದದ್ದನ್ನು ದೀರ್ಘಕಾಲಕ್ಕೆಂದು ಪೀಪಾಯಿಯಲ್ಲಿಟ್ಟವನು ಅದರ ರುಚಿ ನೋಡಲು ತಾನಿರುವುದಿಲ್ಲವೆಂದು ಅರಿತೇ ಇಟ್ಟಿರುತ್ತಾನೆ.

ಸಂಗ್ರಹಕಾರನನ್ನು ಹಳಿಯಲು ನನಗೆ ಮನಸ್ಸಿಲ್ಲ. 1870ರ ದಶಕದಲ್ಲಿ ಫಿಲಾಕ್ಸೆರಾ ಕೀಟ ಅಲ್ಲಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿತು. ಅದಕ್ಕೂ ಮುಂಚಿನ ರುಚಿಯನ್ನು ಆತ ಕಾಪಾಡುತ್ತಿದ್ದಾನೆ. ಆದರೆ ಯಾರೂ ಸವಿಯದ ರುಚಿ ಉಳಿದಿದೆ ಎನ್ನಬಹುದೇ? ಲೂಕನ ಶುಭಸಂದೇಶದಲ್ಲಿ ದೊಡ್ಡ ಕಣಜ ಕಟ್ಟಲು ಹೊರಟ ಧನಿಕನಿಗೆ ತಿಂದು ಕುಡಿಯುವ ಆಸೆಯಾದರೂ ಇತ್ತು!

ನಮ್ಮ ಮನೆಗಳ ಗಾಜಿನ ಕಪಾಟಿನಲ್ಲೂ ಅತಿಥಿಗಳಿಗೆಂದು ಎತ್ತಿಟ್ಟ ಪಿಂಗಾಣಿ ಬಟ್ಟಲುಗಳಿವೆ. ಅವುಗಳಲ್ಲಿ ಯಾರಾದರೂ ಚಹಾ ಕುಡಿದು ಎಷ್ಟು ವರ್ಷಗಳಾದವು?