ಹೇಳಿ ಮಾಡಿಸಿದ್ದು

ಆರ್ಡರ್ ಮೇಲೆ ಮಾಡಿದ ಕೆಲಸ ಮಾಡಿದವನದಾ, ಮಾಡಿಸಿದವನದಾ? ನಮ್ಮ ಐಟಿ ಮಂದಿಗೆ ಇದರ ಉತ್ತರ ಆಫರ್ ಲೆಟರ್ ಜೊತೆಗೇ ಬಂದಿರುತ್ತೆ. ಸಂಬಳ ನಮ್ಮದು, ಕೋಡ್ ಅವರದು. ಸರಿ. ಆದ್ರೆ ಕೆಲಸ ಮಾಡ್ತಿರೋ ಫಂಕ್ಷನ್ನನ್ನೇ ಇನ್ನೂ ಚೆಂದ ಆಗ್ಲಿ ಅಂತ ರಾತ್ರಿ ಕೂತು ಮತ್ತೆ ಬರೀತೀವಲ್ಲ, ಅದನ್ನ ಯಾವ ಕ್ಲೈಂಟೂ ಕೇಳಿರಲ್ಲ. ಅದು ಯಾರದು?

ಇದನ್ನ ಯೋಚಿಸಿದಾಗೆಲ್ಲ ನನಗೆ ನೆನಪಾಗೋದು ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು. ಊರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಬೆಂಗಳೂರಿನ ಗೆಳೆಯನೊಬ್ಬ ಅದನ್ನ ಓದಿ ಯಾರೋ ಸಂಗೀತದವರು ಅಂದ್ಕೊಂಡಿದ್ದ. ಅವರು ಚಿತ್ರಕಾರರು. 1916ರಲ್ಲಿ ಇಲ್ಲೇ ಹುಟ್ಟಿ, ಮದ್ರಾಸಿನಲ್ಲೂ ಆಮೇಲೆ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲೂ ಕಲಿತವರು. ಮುಂಬೈಯಲ್ಲಿ ಮಾಡಿದ್ದು ಸಿನಿಮಾ ಪೋಸ್ಟರ್, 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟ, ಕಂಪನಿಗಳ ಕ್ಯಾಲೆಂಡರ್. ಎಲ್ಲಾ ಹೇಳಿ ಮಾಡಿಸಿದ್ದೇ. ಕಾಲೇಜಿನಲ್ಲಿ ಕಲಿತ ಮೈಕಟ್ಟು, ನೆರಳು-ಬೆಳಕನ್ನ ಪುರಾಣದ ದೇವರಿಗೂ ಕೊಟ್ರು. ಆಮೇಲೆ ಊರಿಗೆ ಮರಳಿ ಇಲ್ಲೇ ಕುಂಚ ಹಿಡಿದ್ರು. 1993ರಲ್ಲಿ ತೀರಿಕೊಂಡ್ರು.

ಹುಸೇನರೂ ಮೊದಲು ಸಿನಿಮಾ ಹೋರ್ಡಿಂಗ್ ಬರೆದವರೇ. ಅವರ ಕತೆಯಲ್ಲಿ ಅದು ರೋಚಕವಾದ ಮೊದಲ ಅಧ್ಯಾಯ. ಪಂಡಿತರಿಗೆ ಮಾತ್ರ 'ಕ್ಯಾಲೆಂಡರ್ ಆರ್ಟಿಸ್ಟ್' ಅನ್ನೋದೇ ಕೊನೇ ಮಾತು. ಈ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಕಮಲಾಪುರದ ನಮ್ಮ ಮನೆಯಲ್ಲಿ ವರ್ಷ ಮುಗಿದ್ರೂ ಕ್ಯಾಲೆಂಡರ್ ಸಾಯ್ತಿರ್ಲಿಲ್ಲ. ತಾರೀಖಿನ ಹಾಳೆ ಕಿತ್ತು, ಕಂಪನಿ ಹೆಸರಿನ ಪಟ್ಟಿ ಕತ್ತರಿಸಿ, ದೇವರಿಗಷ್ಟೇ ಕಟ್ಟು ಹಾಕಿಸೋದು. ಯಾಕಂತ ಕೇಳಿದ್ರೆ ಅಜ್ಜಿ, "ದೇವ್ರು ಇದ್ದಾನಲೋ ತಮ್ಮಾ, ರದ್ದಿಗಿ ಹ್ಯಾಂಗ ಹಾಕ್ಲಿ?" ಅಂತಿದ್ಲು. ಕತ್ತರಿ ಸ್ವಲ್ಪ ಮೇಲೆ ಹೋದ್ರೆ ಮೂಲೆಯ ಸಹಿಯೂ ಹೋಯ್ತು. ದುಡ್ಡು ಕೊಟ್ಟ ಕಂಪನಿ ಹೋಯ್ತು, ಬರೆದವನೂ ಹೋದ, ಚಿತ್ರಕ್ಕೆ ಊದಿನಕಡ್ಡಿ ಸಿಕ್ತು. ಆ ಗೋಡೆ ಮೇಲಿದ್ದದ್ದರಲ್ಲಿ ಪಂಡಿತರದ್ದು ಯಾವುದು ಅಂತ ಈಗ ಹೇಳೋಕಾಗಲ್ಲ.

ಕೆಲಸ ಉಳಿದ್ರೆ ಸಾಕು, ಹೆಸರು ಯಾಕೆ, ನಮ್ಮ ಶಿಲ್ಪಿಗಳು ಹೆಸರು ಬಯಸ್ಲೇ ಇಲ್ಲ ಅಂತ ಕೆಲವರು ತತ್ವ ಹೇಳ್ತಾರೆ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನ ಕಲ್ಲಿನಲ್ಲೇ ಕೆತ್ತಿಟ್ಟಿದ್ದಾನೆ. ನೋಡೋ ವ್ಯವಧಾನ ನಮಗಿಲ್ಲ, ಅಷ್ಟೇ.

ಈ ಸೋಮಾರಿತನ ನಮ್ಮೊಬ್ಬರದೇ ಅಲ್ಲ. ನೈಜೀರಿಯಾದ ಯೊರುಬಾ ಜನರ ಕೆತ್ತನೆಗಳನ್ನ ಯುರೋಪಿನ ಮ್ಯೂಸಿಯಂಗಳು ಬಹಳ ಕಾಲ ಬರೀ ಬುಡಕಟ್ಟಿನ ಹೆಸರಲ್ಲಿ ಇಟ್ಟಿದ್ವು. ಒಲೋವೆ ಅನ್ನೋ ಶಿಲ್ಪಿ ಇಕೆರೆ ಅರಮನೆಗೆ ಕೆತ್ತಿದ ಬಾಗಿಲು 1924ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಹೋಗಿ ಬ್ರಿಟಿಷ್ ಮ್ಯೂಸಿಯಂನಲ್ಲೇ ಉಳೀತು. ಬದಲಿಗೆ ರಾಜನಿಗೆ ಒಂದು ಸಿಂಹಾಸನ ಸಿಕ್ತು. ಇವನೂ ಅರಮನೆಗಳ ಆರ್ಡರ್ ಮೇಲೆ ದುಡಿದವನೇ. ಆತ ಸತ್ತು ಸುಮಾರು ಐವತ್ತು ವರ್ಷದ ಮೇಲೆ, 1988ರಲ್ಲಿ, ಅವನ ಹೆಂಡತಿಯೊಬ್ಬಳು ಅವನನ್ನ ಹೊಗಳುವ ಹಾಡನ್ನ ಸಂಶೋಧಕರ ಮುಂದೆ ಬಾಯಿಂದಲೇ ಹೇಳಿದ್ಲು. ಮನೆಯವರಿಗೆ ಹೆಸರು ಮರೆತಿರಲಿಲ್ಲ. ಕೇಳೋರು ತಡವಾಗಿ ಬಂದ್ರು.

ಇನ್ನು ಆಫರ್ ಲೆಟರ್ ವಿಷಯ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಹಕ್ಕನ್ನ ಪೂರ್ತಿ ಮಾರಿದ ಮೇಲೂ 'ಇದನ್ನ ಮಾಡಿದ್ದು ನಾನು' ಅನ್ನೋ ಹಕ್ಕು ಮಾಡಿದವನ ಹತ್ರವೇ ಇರುತ್ತೆ. ಮಾಲೀಕತ್ವ ಬೇರೆ, ಕರ್ತೃತ್ವ ಬೇರೆ ಅಂತ ಕಾನೂನೇ ಒಪ್ಪಿದೆ. ಕ್ಯಾಲೆಂಡರ್ ಅಂದ್ರೆ ಮೂಗು ಮುರಿಯೋರು ಇನ್ನೂ ಒಪ್ಪಿಲ್ಲ.

ಹಳೇ ಮನೆ ಕೆಡವುವಾಗ ಇಂಥ ಕಟ್ಟುಗಳು ಹೊರಗೆ ಬೀಳ್ತವೆ. ನಿಮ್ಮ ಮನೆಯಲ್ಲೂ ಇದ್ರೆ ಹಿಂದಿನ ರಟ್ಟು ಬಿಚ್ಚಿ ಕೆಳಗಿನ ಮೂಲೆ ನೋಡಿ. ಕೆಲವೊಮ್ಮೆ ಕಟ್ಟು ಹಾಕಿದವನು ಕತ್ತರಿಸಿರಲ್ಲ, ಮಡಚಿರ್ತಾನೆ.